ಅಕ್ಕನ ಖಾತೆಯಲ್ಲಿ ಏಳು ಸಾವಿರದ ಇನ್ನೂರು

ಮಾರ್ಚ್ 3, ಭಾನುವಾರ. ಬೆಳಿಗ್ಗೆ 8

ಅಕ್ಕನ ಹೊಲಿಗೆ ಮಿಷನ್ ಸೂಜಿಗೆ ದಾರ ಪೋಣಿಸಿ ಮಹಡಿಯಿಂದ ಕೆಳಗಿಳಿದೆ. ದಿನದ ಮೊದಲ ಕೆಲಸ ಅದೇ. ಅವಳಿಗೆ ಸೂಜಿಯ ಕಣ್ಣು ಕಾಣುವುದಿಲ್ಲ, ಬಟ್ಟೆ ಕತ್ತರಿಸಿದರೆ ಮಾತ್ರ ಕೂದಲೆಳೆಯಷ್ಟೂ ತಪ್ಪುವುದಿಲ್ಲ.

ಆಮೇಲೆ ಕಾಫಿ, ಕಂಪ್ಯೂಟರ್. ಜನವರಿಯಿಂದ ಮನೆ ಲೆಕ್ಕವೆಲ್ಲ ಹೊಸ ಸಾಫ್ಟ್‌ವೇರ್‌ನಲ್ಲಿ. ನನ್ನ ಖಾತೆ, ಅಕ್ಕನ ಖಾತೆ, ಎರಡೂ. ಒಂದನೇ ತಾರೀಖು ನನ್ನದರಿಂದ ಅವಳದಕ್ಕೆ 2,400 ಟ್ರಾನ್ಸ್‌ಫರ್. ನನ್ನ ಪುಟದಲ್ಲೂ ಬರೆಯುತ್ತೇನೆ, ಭಾನುವಾರ ಅವಳ ಪುಟದಲ್ಲೂ ಬರೆಯುತ್ತೇನೆ. ಕಾಗದದ ಗೋಡೌನಿನಲ್ಲಿ ಮೂವತ್ತೊಂದು ವರ್ಷ ಲೆಡ್ಜರ್ ಬರೆದ ಕೈ. ಎರಡೂ ಕಡೆ ಬರೆಯದಿದ್ದರೆ ಊಟ ಸೇರದು. ಆಫೀಸಿನಲ್ಲಿ ನನ್ನನ್ನು ಕರೆಯುವುದೇ ‘ತಾಳೆರಾಯರು’ ಎಂದು.

ಈ ತಿಂಗಳೂ ನನ್ನ ಖಾತೆಯಲ್ಲಿ, ನಾನು ಬರೆದದ್ದಕ್ಕಿಂತ ಬ್ಯಾಂಕಿನಲ್ಲಿ ಎರಡು ಸಾವಿರ ಚಿಲ್ಲರೆ ಹೆಚ್ಚು. ಬಡ್ಡಿಯೋ, ಹಳೆ ಬಾಕಿಯೋ ಬಂದಿರಬೇಕು. ‘ಸರಿಹೊಂದಿಸು’ ಎಂದೊಂದು ಬಟನ್ ಇದೆ. ಒತ್ತಿದೆ. ಸರಿಹೋಯಿತು.

ಅಕ್ಕನದನ್ನು ಇವತ್ತೇ ಮೊದಲು ಎಟಿಎಂನ ಬ್ಯಾಲೆನ್ಸ್ ಚೀಟಿ ಇಟ್ಟುಕೊಂಡು ನೋಡಿದ್ದು. 7,200 ಕಡಿಮೆ! ಆ ಬಟನ್ ಒತ್ತಲಿಲ್ಲ.

ಮಾರ್ಚ್ 4

ಕೇಳಿಯೇಬಿಟ್ಟೆ.

“ಅಕ್ಕಾ, ನಂಗೆ ಹೇಳ್ದೆ ದುಡ್ಡು ತೆಗ್ದಿದ್ದೀಯಾ?”

“ಇಲ್ವಲ್ಲೋ ಪುಟ್ಟ. ಮೂರೇ ಸಲ ತೆಗ್ದಿದ್ದು, ಮೂರೂ ಹೇಳಿದ್ದೀನಿ. ಬೇಕಾದ್ರೆ ನೋಡು.” ಬಾಗಿಲನ್ನು ಮುಂದಕ್ಕೆ ಎಳೆದಳು. ಹಿಂಭಾಗದಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಮೂರು ಗೆರೆ.

“ಗೀಟೆಳೆದ್ರೆ ಅದು ಲೆಕ್ಕ ಆಗುತ್ತೇನಕ್ಕಾ?” ಎಂದು ನಕ್ಕೆ. ಅವಳೂ ನಗಲು ನೋಡಿದಳು.

ಊಟಕ್ಕೆ ಕೂತಾಗ ಮತ್ತೆ ಆ ಮಾತು ಎತ್ತಿದೆ. ನನ್ನವಳು ತಡೆದಳು. “ರೀ, ಅತ್ತಿಗೆ ಹಂಗೆಲ್ಲ ಮಾಡೋರಲ್ಲ. ನಿಮ್ ಕಂಪ್ಯೂಟರೇ ತಪ್ಪಿರ್ಬೇಕು.”

“ಕಂಪ್ಯೂಟರ್ ಸುಳ್ಳು ಹೇಳಲ್ಲ ಕಣೇ.”

ಅಕ್ಕ ತಟ್ಟೆ ಎತ್ತಿಕೊಂಡು ಎದ್ದಳು. ಪಾಸ್‌ಬುಕ್ ಪ್ರಿಂಟ್ ಮಾಡಿಸೋಣವೆಂದರೆ ಬ್ಯಾಂಕಿನ ಯಂತ್ರ ಕೆಟ್ಟು ತಿಂಗಳಾಗಿದೆ. ಅಕ್ಕನ ಎಟಿಎಂ ಕಾರ್ಡ್, ಪಾಸ್‌ಬುಕ್ ಎರಡನ್ನೂ ಈಸಿಕೊಂಡು ನನ್ನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಅವಳ ಒಳ್ಳೆಯದಕ್ಕೇ.

ಮಾರ್ಚ್ 9

ಅಕ್ಕ ತಾನಾಗಿ ಬಂದಳು. “ತೆಗ್ದಿರ್ಬೇಕು ಪುಟ್ಟ. ನೀನು ಇಷ್ಟು ಓದಿದೋನು, ನೀನ್ ತಪ್ತೀಯಾ? ನಂಗೇ ಮರೆವು ಹತ್ಕೊಂಡಿದೆ ಅನ್ಸುತ್ತೆ.”

“ವಯಸ್ಸಾದ್ಮೇಲೆ ಆಗುತ್ತೆ ಬಿಡು” ಎಂದೆ. ದೊಡ್ಡ ಮನಸ್ಸು ಮಾಡಿದೆನೆಂಬ ಹಮ್ಮು. ಬರೆದಿಡುತ್ತಿದ್ದೇನೆ, ನಿಜವಾದ್ದರಿಂದ.

ಮಾರ್ಚ್ 13

ಅಕ್ಕನ ಗೋಡೆಯ ತುಂಬ ಚೀಟಿ. ಒಲೆ ಆರಿಸಿದೆ. ಮಾತ್ರೆ ನುಂಗಿದೆ. ಬಾಗಿಲು ಹಾಕಿದೆ. ಬಾಗಿಲ ಹಿಂದಿನ ಗೆರೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿಹಾಕಿದ್ದಾಳೆ.

ಗಿರಾಕಿಗಳ ಬಟ್ಟೆ ಕತ್ತರಿಸುವುದನ್ನು ನಿಲ್ಲಿಸಿದ್ದಾಳಂತೆ. ಅಳತೆ ನೆನಪಲ್ಲಿ ನಿಲ್ಲುತ್ತೋ ಇಲ್ಲವೋ ಎಂಬ ಭಯ. ಈಗ ಆಸ್ಪತ್ರೆಯ ದಿಂಬಿನ ಕವರ್ ಹೊಲಿಯುತ್ತಾಳೆ. ಎಲ್ಲಕ್ಕೂ ಒಂದೇ ಅಳತೆ, ನೆನಪಿಡುವ ತಾಪತ್ರಯವಿಲ್ಲ.

ದಾರಕ್ಕೆ ನನ್ನನ್ನು ಕರೆಯುವುದಿಲ್ಲ. ನನ್ನವಳು ಪೋಣಿಸಿಕೊಡುತ್ತಾಳೆ.

ಮಾರ್ಚ್ 17

ಮಿಷನ್ ಸದ್ದಿಗೆ ಲೆಕ್ಕ ತಪ್ಪುತ್ತದೆ ಎಂದು ಕೆಳಗಿನಿಂದಲೇ ಗದರಿದೆ. ಸದ್ದು ನಿಂತಿತು.

ಮಾರ್ಚ್ 28

ಮೇಜಿನ ಮೇಲೆ ಬ್ಯಾಂಕಿಗೆ ಕಟ್ಟಿದ ರಸೀದಿ. ಅಕ್ಕನ ಖಾತೆಗೆ 7,200. ನಾನೂರು ಕವರ್, ಒಂದಕ್ಕೆ ಹದಿನೆಂಟು.

“ಈಗ ಸರಿಹೋಯ್ತಾ ನೋಡು” ಎಂದು ಬಾಗಿಲಲ್ಲೇ ನಿಂತಿದ್ದಳು. ಬೆರಳ ತುದಿಗೆ ಪಟ್ಟಿ. ಸೂಜಿ ಚುಚ್ಚಿರಬೇಕು. ಕೇಳಲಿಲ್ಲ.

ನೋಡಿದೆ. ಪೈಸೆಗೆ ಪೈಸೆ ತಾಳೆಯಾಯಿತು. “ಸರಿಹೋಯ್ತಕ್ಕಾ” ಎಂದೆ.

ಏಪ್ರಿಲ್ 7, ಭಾನುವಾರ

ಮತ್ತೆ ಕಡಿಮೆ. ಸರಿಯಾಗಿ 2,400.

ಕಾರ್ಡ್, ಪಾಸ್‌ಬುಕ್ ನನ್ನ ಡ್ರಾಯರಿನಲ್ಲಿವೆ. ಬೀಗದ ಕೈ ನನ್ನ ಜೇಬಿನಲ್ಲಿದೆ. ಒಂದು ತಿಂಗಳಿಂದ ಆ ಖಾತೆಯಿಂದ ದುಡ್ಡು ತೆಗೆಯಲು ಯಾರಿಗೂ ಸಾಧ್ಯವೇ ಇರಲಿಲ್ಲ.



ಏಪ್ರಿಲ್ 8. ಆಫೀಸಿನಿಂದ ಅರ್ಧ ದಿನ ರಜೆ

ಸಾಫ್ಟ್‌ವೇರ್‌ನವರ ಸಹಾಯವಾಣಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ. ಮೂರನೇ ಪ್ರಶ್ನೆಗೇ ಹಿಡಿದುಬಿಟ್ಟಳು.

“ಸಾರ್, ಟ್ರಾನ್ಸ್‌ಫರ್ ಎಂಟ್ರಿ ಎರಡೂ ಅಕೌಂಟಲ್ಲಿ ನೀವೇ ಹಾಕ್ತಿದ್ದೀರಾ?”

“ಹೂಂ. ಹಾಕ್ಬೇಕಲ್ಲಮ್ಮ.”

“ಬೇಡ ಸಾರ್. ಒಂದ್ ಕಡೆ ಹಾಕಿದ್ರೆ ಇನ್ನೊಂದ್ ಕಡೆ ಅದೇ ಹಾಕ್ಕೊಳ್ಳುತ್ತೆ. ನೀವೂ ಹಾಕಿದ್ದಕ್ಕೆ ಎರಡೆರಡು ಸಲ ಆಗಿದೆ. ಅವ್ರ ಅಕೌಂಟಲ್ಲಿ ಇಲ್ಲದ ದುಡ್ಡು ಇದ್ದ ಹಂಗೆ ತೋರ್ಸಿದೆ ಅಷ್ಟೇ. ದುಡ್ಡೇನೂ ಹೋಗಿಲ್ಲ.” ಆಮೇಲೆ, “ಹಂಗಾದ್ರೆ ನಿಮ್ ಅಕೌಂಟಲ್ಲಿ ಅಷ್ಟೇ ದುಡ್ಡು ಬ್ಯಾಂಕಲ್ಲಿ ಜಾಸ್ತಿ ಬಂದಿರ್ಬೇಕಲ್ಲ ಸಾರ್? ಗಮನಕ್ಕೆ ಬರ್ಲಿಲ್ವಾ?”

ಬಂದಿತ್ತು. ಮೂರು ತಿಂಗಳೂ ಬಂದಿತ್ತು. ಬಟನ್ ಒತ್ತಿದ್ದೆ. ನನ್ನದರಲ್ಲಿ ಹೆಚ್ಚು ಬಂದರೆ ಬಡ್ಡಿ. ಅಕ್ಕನದರಲ್ಲಿ ಕಡಿಮೆ ಬಂದರೆ... ಅಕ್ಕ. ಸಾಲುಗಳನ್ನು ಒಮ್ಮೆ ಓದಿದ್ದರೂ ಸಾಕಿತ್ತು, ಒಂದೇ ಮೊತ್ತ ಎರಡೆರಡು ಸಲ ಕಣ್ಣಿಗೆ ಹೊಡೆಯುತ್ತಿತ್ತು. ನಾನು ಬರೆದದ್ದನ್ನು ನಾನೇ ಯಾಕೆ ಓದಲಿ ಎಂಬ ಸೊಕ್ಕು.

ಬಾಗಿಲ ಹಿಂದಿನ ಮೂರು ಗೆರೆ ಸರಿಯಾಗಿದ್ದವು. ಇಡೀ ಮನೆಯಲ್ಲಿ ಸರಿಯಾಗಿದ್ದ ಲೆಕ್ಕ ಅದೊಂದೇ.

ಏಪ್ರಿಲ್ 9

ಹೇಳಬೇಕೆಂದು ಮೆಟ್ಟಿಲು ಹತ್ತಿದೆ. ಅಕ್ಕ ನನ್ನವಳಿಗೆ ಹೇಳುತ್ತಿದ್ದಳು, “ಡಾಕ್ಟ್ರಿಗೆ ತೋರ್ಸಣ ಕಣೇ. ಇವತ್ತು ದುಡ್ಡು ಮರೆತೆ, ನಾಳೆ ನಿಮ್ಮನ್ನೇ ಮರೆತ್ರೆ?”

ಇಳಿದುಬಂದೆ. ಹೇಡಿ.

ಏಪ್ರಿಲ್ 10

ಇವತ್ತೂ ಇಲ್ಲ.

ಏಪ್ರಿಲ್ 14, ಭಾನುವಾರ

ಹೇಳಿದೆ. ನಿಂತುಕೊಂಡೇ, ಬಾಯಿಪಾಠ ಒಪ್ಪಿಸುವವನ ಹಾಗೆ. ಎರಡು ಸಲ ಬರೆದದ್ದು, ಬಟನ್ ಒತ್ತಿದ್ದು, ಒಂದು ವಾರದಿಂದ ಗೊತ್ತಿದ್ದೂ ಬಾಯಿ ಬಿಡದಿದ್ದದ್ದು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದರೆ ಸಾಕೆನಿಸಿತ್ತು.

ಅಕ್ಕ ಹೊಲಿಗೆ ನಿಲ್ಲಿಸಿ ನನ್ನತ್ತ ತಿರುಗಿದಳು. “ಅಂದ್ರೆ, ನಂಗೆ ಮರೆವು ಬಂದಿಲ್ಲ?”

“ಇಲ್ಲಕ್ಕಾ.”

“ನಿಜ ಹೇಳು. ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?”

“ಇಲ್ಲಕ್ಕಾ. ತಪ್ಪೆಲ್ಲಾ ನಂದೇ.”

ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಗೋಡೆಯ ಚೀಟಿಗಳನ್ನು ಒಂದೊಂದಾಗಿ ಕಿತ್ತಳು. ಸಹಾಯಕ್ಕೆ ಕೈ ಚಾಚಿದೆ. “ಬಿಡು, ನಾನ್ ಹಾಕಿದ್ದು ನಾನೇ ತೆಗೀತೀನಿ” ಎಂದಳು. ಆಮೇಲೆ ಅಂಗೈ ಚಾಚಿದಳು. “ಕಾರ್ಡ್ ಕೊಡು. ಪಾಸ್‌ಬುಕ್ಕೂ ಕೊಡು. ಇನ್ಮೇಲೆ ನನ್ ಲೆಕ್ಕ ನಾನೇ ನೋಡ್ಕೋತೀನಿ.”

ಕೊಟ್ಟೆ. ಪುಟ್ಟ ಎಂದು ಒಮ್ಮೆಯೂ ಕರೆಯಲಿಲ್ಲ.

ನನ್ನ ಕಾಲೇಜಿನ ಫೀಸು ಕಟ್ಟಿದ್ದು ಇದೇ ಮಿಷನ್. ಲೆಕ್ಕ ಕಲಿಸಿದ ದುಡ್ಡು ಅವಳದು. ಆ ಲೆಕ್ಕದಿಂದ ಅವಳನ್ನೇ ಕಳ್ಳಿ ಮಾಡಿದೆ. ನಾಚಿಕೆಯಾಗುತ್ತದೆ ಎಂದು ಬರೆಯುವುದಕ್ಕೂ ನಾಚಿಕೆಯಾಗುತ್ತಿದೆ.

ಏಪ್ರಿಲ್ 16. ಬೆಳಿಗ್ಗೆ 7:30

ಸಾಫ್ಟ್‌ವೇರ್‌ನಿಂದ ಅಕ್ಕನ ಖಾತೆ ಅಳಿಸಿದೆ. ‘ಖಚಿತವೇ?’ ಎಂದು ಎರಡು ಸಲ ಕೇಳಿತು. ಮಾರ್ಚಿನಲ್ಲಿ ನಾನೂ ಹಾಗೆ ಒಮ್ಮೆ ಕೇಳಿಕೊಂಡಿದ್ದರೆ...

ಬಾಗಿಲ ಹಿಂದೆ ಹೊಸದಾಗಿ ಒಂದು ಗೆರೆ ಬಿದ್ದಿದೆಯಂತೆ. ನನ್ನವಳು ಹೇಳಿದಳು. ಹೇಳಿ, “ಅತ್ತಿಗೇ, ಅಂಗಡಿಗ್ ಹೋಗ್ಬರ್ತೀನಿ” ಎಂದು ಮೇಲಕ್ಕೆ ಕೂಗಿ ಹೊರಟಳು.

ಮಿಷನ್ ಸದ್ದು ನಿಂತಿದೆ. ದಾರ ಕಿತ್ತುಹೋಗಿರಬೇಕು.

ಅಕ್ಕ ಕೂಗುತ್ತಿದ್ದಾಳೆ. “ಯಾರಾದ್ರೂ ಇದ್ದೀರಾ ಕೆಳಗೆ?”

ಮನೆಯಲ್ಲಿರುವುದು ನಾನೊಬ್ಬನೇ. ಅವಳಿಗೂ ಗೊತ್ತು.

ಮತ್ತೆ ಕೂಗಿದಳು. ಕನ್ನಡಕ ಎಲ್ಲಿಟ್ಟೆ —