ಗಂಡುಸಾಲು

ಏಪ್ರಿಲ್ 11

ತುಮಕೂರಿನಿಂದ ಕುಣಿಗಲ್‌ಗೆ ಮತ್ತೆ ಸ್ಕೂಟರ್‌ನಲ್ಲೇ. ಬಸ್ ಕಾದರೆ ಹೂ ಅರಳುವ ಹೊತ್ತು ತಪ್ಪುತ್ತದೆ. ಕೆರೆ ಕೆಳಗೆ ನಮ್ಮ ಕಂಪನಿಗೆ ಬೆಳೆಯುವ ಹೈಬ್ರಿಡ್ ಬೀಜದ ಪ್ಲಾಟ್, ಯಲ್ಲಯ್ಯನವರದು. ಹೆಣ್ಣುಸಾಲಿನ ಬತ್ತದಲ್ಲಿ ಪರಾಗವೇ ಇಲ್ಲ. ಪಕ್ಕದ ಗಂಡುಸಾಲಿನದು ಬಿದ್ದರೆ ಮಾತ್ರ ಕಾಳು. ಅದಕ್ಕೇ ಗಂಡ ಹೆಂಡತಿ ಎರಡು ಬದುಗಳಲ್ಲಿ ನಿಂತು ತೆನೆಗಳ ಮೇಲೆ ಹಗ್ಗ ಎಳೆಯುವುದು. ಅದೂ ನೆತ್ತಿ ಸುಡುವ ಹೊತ್ತಿನಲ್ಲಿ...

ಯಲ್ಲಯ್ಯ ಕೇಳಿದರು: "ತಾಯೀಲೇ ಪುಡಿ ಇಲ್ಲ ಅಂದ್ಮೇಲೆ ಅದ್ರ ಮರಿ ಹೆಂಗ್ ಕಾಳ್ ಕಟ್ತದೆ ಮೇಡಂ?"

"ದೋಷ ತಾಯಿ ಕಡೆಯಿಂದ ಬರ್ತದೆ. ಈ ಗಂಡುಸಾಲಲ್ಲಿ ಒಂದು ಜೀನ್ ಇದೆ, ರೆಸ್ಟೋರರ್ ಅಂತ. ಅದು ಮಗುಗೆ ಸೇರಿದ್ರೆ ದೋಷ ಸರಿಹೋಗ್ತದೆ."

"ನಮ್ಮನೇಲಿ ತಿರುಗಾಮುರುಗಾ. ದೋಷ ನಂದು, ಸರಿಮಾಡೋಳು ಇವ್ಳು."

ಹೆಂಡತಿ ಸಿದ್ದಗಂಗಮ್ಮ ಆಚೆ ಬದುವಿನಿಂದ ಕೂಗಿದರು: "ಬಾಯ್ ಮುಚ್ಕೊಂಡ್ ಎಳೀರಿ!"

ಏಪ್ರಿಲ್ 14, ಬೆಳಿಗ್ಗೆ

ಮೂವತ್ತೊಂಬತ್ತು ಡಿಗ್ರಿ ಆಗುತ್ತದಂತೆ. ಮ್ಯಾನೇಜರ್ ಅಂಜನ್‌ಕುಮಾರ್‌ಗೆ ಫೋನ್ ಮಾಡಿದೆ, ಇವತ್ತು ನಿಲ್ಲಿಸೋಣವಾ ಅಂತ. "ಹೂವು ರಜಾ ಹಾಕತ್ತಾ? ಎಳೆಸಿ."

ಯಲ್ಲಯ್ಯ ಒಂದಿಷ್ಟು ಹೂ ಕಿತ್ತು ಕೊಟ್ಟರು. "ಯಾವಾಗ್ಲೂ ಹೆಣ್ಣುಸಾಲ್ನೇ ಚೆಕ್ ಮಾಡ್ತೀರ. ನಮ್ ಗಂಡುಸಾಲೂ ಒಂದ್ಸಲ ನೋಡಿ." ಕೆಡದಿರಲೆಂದು ಸ್ಪಿರಿಟ್ ಇದ್ದ ಬಾಟ್ಲಿಗೆ ಹಾಕಿಕೊಂಡೆ.

ಅದೇ ದಿನ, ಸಂಜೆ

ಯಲ್ಲಯ್ಯ ಹೋದರು.

ಬದುವಿನ ಮೇಲೇ ಕುಸಿದರು. ಹಗ್ಗ ಕೈಗೆ ಸುತ್ತಿಕೊಂಡೇ ಇತ್ತು. ಆಟೋದಲ್ಲಿ ತಲೆ ನನ್ನ ತೊಡೆಯ ಮೇಲೆ. ನೀರು ಸುರಿದಷ್ಟೂ ಮೈ ಕಾದ ಕಲ್ಲಿನ ಹಾಗೆ. ಬಿಸಿಲಿನ ಹೊಡೆತ ಅಂದರು ಡಾಕ್ಟರ್. ಸಿದ್ದಗಂಗಮ್ಮ ಅಳಲಿಲ್ಲ. "ಮಜ್ಗೆ ಕುಡೀರಿ ಅಂದೆ, ಇದೊಂದ್ ಸಾಲ್ ಆಗ್ಲಿ ಅಂದ್ರು" ಅಂತ ನರ್ಸ್‌ಗೆ, ನನಗೆ, ಗೋಡೆಗೆ ಹೇಳುತ್ತಲೇ ಇದ್ದರು.

ಏಪ್ರಿಲ್ 16

ಬಾಟ್ಲಿ ಬ್ಯಾಗ್‌ನಲ್ಲೇ ಇತ್ತು. ಸ್ಲೈಡ್ ಮಾಡಿ ಅಯೋಡಿನ್ ಹಾಕಿದೆ. ಜೀವ ಇದ್ದ ಪರಾಗವಾದರೆ ಕಪ್ಪಾಗಬೇಕು. ಆಗಲಿಲ್ಲ. ಇನ್ನೊಂದು ಸ್ಲೈಡ್. ಮತ್ತೊಂದು. ಎಲ್ಲ ಮುದುಡಿ, ಬಿಳಿಚಿಕೊಂಡು...

ತೆನೆ ಇನ್ನೂ ಹೊರಬರದೆ ಹೊಡೆಯಲ್ಲಿದ್ದಾಗಲೇ ಪರಾಗವನ್ನು ಬಿಸಿಲು ತಿಂದಿದೆ. ಜೀನ್ ಇದ್ದು ಏನು ಬಂತು, ಹೊತ್ತು ತರುವ ಪರಾಗವೇ ಸತ್ತ ಮೇಲೆ. ಅವರು ಎಳೆದದ್ದೆಲ್ಲ ಬರೀ ಗಾಳಿಗೆ.

ಮ್ಯಾನೇಜರ್‌ಗೆ ಹೇಳಿದೆ. "ರಿಪೋರ್ಟ್‌ನಲ್ಲಿ ಸಾವಿನ ವಿಷ್ಯ ಬೇಡ" ಅಂದರು. ಅಷ್ಟೇ.

ಏಪ್ರಿಲ್ 18

ಹೇಳಿಬಿಡೋಣ ಅಂತಲೇ ಹೋದೆ. ಸಿದ್ದಗಂಗಮ್ಮ ಗದ್ದೆಯಲ್ಲಿದ್ದರು! ಹಗ್ಗದ ಒಂದು ತುದಿ ಗೂಟಕ್ಕೆ ಕಟ್ಟಿ, ಒಬ್ಬರೇ ಎಳೆಯುತ್ತಿದ್ದರು. ಬದುವಿನ ಹೊಂಗೆ ಮರದಡಿ ಅತ್ತೆ ತಿಪ್ಪಮ್ಮ. ಯಲ್ಲಯ್ಯನವರ ತಾಯಿ, ಎರಡೂ ಕಣ್ಣು ಮಂಜು.

ಸಿದ್ದಗಂಗಮ್ಮನವರ ಕೈ ಹಿಡಿದು ಹೇಳಿದೆ. ಪರಾಗ ಮೊದಲೇ ಸತ್ತಿತ್ತು, ಕಾಳು ಕಟ್ಟುವುದಿಲ್ಲ, ನಿಲ್ಲಿಸಿ.

ಹೊಂಗೆ ಮರದ ಕಡೆ ತಿರುಗಿ ನೋಡಿದರು. ಆಮೇಲೆ ಪಿಸುಮಾತಿನಲ್ಲಿ, "ನಮ್ಮತ್ತೆಗ್ ಹೇಳ್ಬ್ಯಾಡ ಕಣವ್ವ. ಮಗ ಜೀವ ಕೊಟ್ಟು ಬೆಳೆ ಉಳಿಸ್ದ ಅಂದ್ಕೊಂಡವ್ಳೆ. ಅದೊಂದ್ರಿಂದ್ಲೇ ಎರಡ್ ತುತ್ತು ಉಣ್ತಾವ್ಳೆ. ಹಗ್ಗದ್ ಸದ್ದು ಕೇಳ್ತಾ ಕೂತವ್ಳೆ ನೋಡು."

ಗೂಟದಿಂದ ಹಗ್ಗ ಬಿಚ್ಚಿ ನಾನು ಹಿಡಿದುಕೊಂಡೆ. ಹೂ ಮುಚ್ಚುವ ತನಕ ಇಬ್ಬರೂ ಎಳೆದೆವು. ಅಂಗೈ ಇನ್ನೂ ಉರಿಯುತ್ತಿದೆ.

ಮೇ 6

ಕಾಳು ತುಂಬಿದ ತೆನೆ ಬಾಗುತ್ತದೆ. ಇವು ನೆಟ್ಟಗೆ ನಿಂತಿವೆ, ಗದ್ದೆ ತುಂಬ. ಕಂಪನಿ ಪ್ಲಾಟ್ ರಿಜೆಕ್ಟ್ ಮಾಡಿತು. ಅದನ್ನು ತಿಳಿಸುವುದೂ ನನ್ನದೇ ಕೆಲಸ. ಮನೆಗೆ ಹೋಗಿ, ಅಂಗಳದಾಚೆ ಕರೆದು ಮೆಲ್ಲಗೆ ಹೇಳಿದೆ. ಸಿದ್ದಗಂಗಮ್ಮ ತಲೆಯಾಡಿಸಿ ನೀರು ತರಲು ಒಳಗೆ ಹೋದರು.

ಜಗಲಿಯ ಮೇಲಿದ್ದ ತಿಪ್ಪಮ್ಮ ನನ್ನ ದನಿ ಗುರುತು ಹಿಡಿದರು. "ತೆನೆ ಬಾಗೈತಾ ಮಗಾ?"

"ಬಾಗಿದೆ ಅಜ್ಜಿ."

"ಒಂದ್ ತೆನೆ ಕಿತ್ಕೊಂಬಾ. ಮುಟ್ ನೋಡ್ತೀನಿ."

ಎರಡೂ ಕೈ ಚಾಚಿದರು. ನಾನು ಬೇರೆಯವರ ಗದ್ದೆಯಿಂದ ಬಾಗಿದ ತೆನೆಯೊಂದನ್ನು ಕಿತ್ತು ತಂದು ಆ ಕೈಗಳಲ್ಲಿಟ್ಟೆ.