ದಯವಿಟ್ಟು ದೋಣಿಯ ತಳ ಹೆರೆಸಬೇಡಿ

ಕೊಲ್ಲಿಯಲ್ಲಿ ಸಿಂಪಿ ಬೆಳೆಯಲು ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ಈ ವರ್ಷ ನಮ್ಮ ಕೊಲ್ಲಿಯ ಸಿಂಪಿಮರಿಗಳು ತಮ್ಮ ಅಪ್ಪಣೆಗೆ ಕಾಯದೆ ಹುಟ್ಟಿದವು, ಅಪ್ಪಣೆಗೆ ಕಾಯದೆ ಈಜಾಡಿದವು, ಅಪ್ಪಣೆ ಬರುವಷ್ಟರಲ್ಲಿ ಕೆಲವು ಸತ್ತು, ಕೆಲವು ಎಲ್ಲೆಲ್ಲೋ ಅಂಟಿಕೊಂಡು, ತಮ್ಮ ಋತುವನ್ನೇ ಮುಗಿಸಿಬಿಟ್ಟವು. ಅವುಗಳ ಪರವಾಗಿ ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಸಮುದ್ರದಲ್ಲಿ ಹುಟ್ಟಿದವು, ಕಚೇರಿಯ ವೇಳೆ ಅವಕ್ಕೇನು ಗೊತ್ತು? ಆದರೆ ಮರಿ ಹಿಡಿಯುವ ಬಲೆಚೀಲಗಳನ್ನು ನೀರಿಗಿಳಿಸಲು ತಾವು ಕೊಟ್ಟ ಪರವಾನಗಿ ಹೊತ್ತು ಮೀರಿ ಬಂದದ್ದರಿಂದ ಮರಿಗಳನ್ನು ಕಟ್ಟಿ ಬೆಳೆಸುವ ನಮ್ಮ ಹಗ್ಗಗಳು ಈಗ ಬೋಳಾಗಿವೆ. ಹಗ್ಗ ಬೋಳಾದರೆ, ಸಿಂಪಿ ಬೆಳೆಯಲೆಂದು ನಮಗೆ ಬಿಟ್ಟುಕೊಟ್ಟ ನೀರಿನ ತುಂಡನ್ನು ಸರ್ಕಾರ ವಾಪಸು ಪಡೆಯುತ್ತದೆ ಎಂಬ ನಿಯಮವೂ ತಮ್ಮದೇ. ಒಂದು ಕೈಯಲ್ಲಿ ಬಾಗಿಲು ಮುಚ್ಚಿ, ಇನ್ನೊಂದು ಕೈಯಲ್ಲಿ "ಒಳಗೆ ಯಾಕೆ ಬರಲಿಲ್ಲ" ಎಂದು ದಂಡ ಹಾಕುವ ಈ ಕಲೆಯನ್ನು ನಾಲ್ಕು ಜನ ನೋಡಲಿ ಎಂದೇ ಪತ್ರಿಕೆಗೆ ಬರೆಯುತ್ತಿದ್ದೇನೆ.

ತಮಗೆ ಸಿಂಪಿಯ ಪರಿಚಯ ತಟ್ಟೆಯಲ್ಲಿ, ನಿಂಬೆಹೋಳಿನ ಪಕ್ಕದಲ್ಲಿ ಮಾತ್ರ ಆಗಿರಬಹುದು. ಅದಕ್ಕೂ ಹಿಂದೆ ಅದಕ್ಕೊಂದು ಬಾಲ್ಯವಿದೆ, ಸ್ವಾಮಿ. ವಸಂತ ಕಳೆದು ನೀರು ಬೆಚ್ಚಗಾದಾಗ ತಾಯಿಸಿಂಪಿ ತನ್ನ ಚಿಪ್ಪಿನೊಳಗೇ ಮರಿಗಳನ್ನು ಕೆಲವು ದಿನ ಸಾಕಿ, ಒಂದು ದಿನ ಹೊರಗೆ ಉಗಿಯುತ್ತದೆ. ಕಣ್ಣಿಗೆ ಕಾಣದ ಆ ಧೂಳು ಒಂದೆರಡು ವಾರ ಅಲೆಗಳ ಜೊತೆ ಅಲೆದಾಡುತ್ತದೆ. ಆಮೇಲೆ ಅದಕ್ಕೊಂದು ಪುಟ್ಟ ಕಾಲು ಮೂಡುತ್ತದೆ. ಆ ಕಾಲಿನಿಂದ ತಡವಿ ತಡವಿ, ಗಟ್ಟಿಯಾದ, ಚೊಕ್ಕಟವಾದ ಜಾಗ ಸಿಕ್ಕರೆ ಅಂಟಿಕೊಂಡು ಕೂರುತ್ತದೆ. ಕೂತಮೇಲೆ ಸಾಯುವವರೆಗೂ ಏಳುವುದಿಲ್ಲ. ಜಾಗ ಹಿಡಿದು ಕೂರುವ ಈ ವಿದ್ಯೆ ತಮ್ಮ ಇಲಾಖೆಗಾದರೂ ಅರ್ಥವಾಗಬೇಕಿತ್ತು. ಚೀಲ ಬೇಗ ಇಳಿಸಿದರೆ ಬೇರೆ ಜೀವಿಗಳು ಬಂದು ಜಾಗ ಹಿಡಿಯುತ್ತವೆ. ತಡವಾದರೆ ಕೂರುವವರೇ ಇರುವುದಿಲ್ಲ. ಈ ನಡುವಿನ ಕೆಲವೇ ದಿನಗಳ ಮೇಲೆ, ಮರಿ ಬೆಳೆದು ಮಾರಾಟಕ್ಕೆ ಬರುವವರೆಗಿನ ನಮ್ಮ ಮೂರು ವರ್ಷದ ಅನ್ನ ನಿಂತಿದೆ.

ಆ ದಿನಗಳು ಯಾವಾಗ ಬಂದವೆಂದು ತಮಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ತಮ್ಮದೇ ಕಚೇರಿಯ ವಿಜ್ಞಾನಿ ಡುಬ್ರಾವ್ಕಾ ಮೇ ತಿಂಗಳ ಕೊನೆಯಲ್ಲಿ ನೀರು ಸೋಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, "ಮರಿಗಳಿಗೆ ಕಾಲು ಬಂದಿದೆ, ಈ ವಾರವೇ ಚೀಲ ಇಳಿಸಲು ಬಿಡಿ" ಎಂದು ತಮ್ಮ ಮೇಜಿನ ಮೇಲೆ ವರದಿ ಇಟ್ಟಳು. ಮೇಜಿತ್ತು, ತಾವಿರಲಿಲ್ಲ. ರಾಷ್ಟ್ರದಿನದ ರಜೆಗೆ ಶನಿವಾರ ಭಾನುವಾರ ಸೇರಿಸಿ, ಅದಕ್ಕೆ ಚರ್ಚಿನ ಹಬ್ಬ ಬಿದ್ದ ಗುರುವಾರ ಸೇರಿಸಿ, ನಡುವೆ ಉಳಿದ ಬಡಪಾಯಿ ದಿನಗಳನ್ನೂ ಹೊಲಿದು, ತಾವು ದ್ವೀಪಕ್ಕೆ ಹೋಗಿದ್ದಿರಿ. ರಜೆ ಹೊಲಿಯುವುದರಲ್ಲಿ ನಮ್ಮ ದೇಶದವರನ್ನು ಮೀರಿಸಿದವರಿಲ್ಲ, ಒಪ್ಪಿದೆ. ನನ್ನ ತಮ್ಮನೂ ಹೊಲಿಯುತ್ತಾನೆ. ಆದರೆ ಅವನು ಅಂಚೆಯವನು. ಕಾಗದ ಒಂದು ವಾರ ತಡವಾದರೆ ಸಾಯುವುದಿಲ್ಲ.

ನಮ್ಮ ಪಕ್ಕದ ನೀರಿನ ಬಾಲ್ದೊ ತಮ್ಮ ಪರವಾನಗಿಗೆ ಕಾಯುವ ಜಾತಿಯವನಲ್ಲ. ಏಪ್ರಿಲ್‌ನಲ್ಲೇ, ನೀರು ಇನ್ನೂ ಕೊರೆಯುತ್ತಿದ್ದಾಗ, ಕದ್ದು ಚೀಲ ಇಳಿಸಿದ. ನನ್ನ ಗಂಡ ಲೂಕ್ಷಾನನ್ನು ಕಂಡಲ್ಲೆಲ್ಲ ಕಿಚಾಯಿಸಿದ.

"ಏನೋ ಲೂಕ್ಷಾ, ಇನ್ನೂ ಸಾಹೇಬ್ರ ಸಹಿ ಬರ್ಲಿಲ್ವಾ? ಮದುವೆಗೂ ಹಿಂಗೇ ಕಾಯ್ತಿದ್ಯೇನೋ?"

"ಕಾನೂನು ಅಂದ್ಮೇಲೆ ಕಾನೂನು ಕಣೋ," ಎಂದ ಲೂಕ್ಷಾ.

"ಕಾನೂನನ್ನೇ ಹಗ್ಗಕ್ಕೆ ಕಟ್ಟಿ ಸಾಕು ಹಂಗಾದ್ರೆ!"

ಬಾಲ್ದೊನ ಚೀಲ ಎತ್ತಿದಾಗ ಅದರ ತುಂಬ ಗಟ್ಟಿ ಚಿಪ್ಪಿನ ಬಾರ್ನಕಲ್ ಹುಳಗಳು, ಒಂದಿಂಚೂ ಬಿಡದೆ. ಸಿಂಪಿಮರಿ ಒಂದೂ ಇರಲಿಲ್ಲ. ಮೂರು ದಿನ ಹೋಟೆಲಿನ ಕಡೆ ಮುಖ ಹಾಕಲಿಲ್ಲ ಪುಣ್ಯಾತ್ಮ. ಲೂಕ್ಷಾ ತಮ್ಮ ಸಹಿಗೆ ಕಾದ. ಚೀಲಗಳನ್ನು ದೋಣಿಯಲ್ಲಿ ಜೋಡಿಸಿಟ್ಟುಕೊಂಡು, ದಿನವೂ ಬೆಳಿಗ್ಗೆ ಕಚೇರಿ ಮೆಟ್ಟಿಲು ಹತ್ತಿ ಇಳಿದ. ಜೂನ್ ಮುಗಿಯುವಾಗ ಸಹಿ ಬಂತು. ಅವತ್ತೇ ಇಳಿಸಿದ. ಸಿಕ್ಕಿದ್ದು ಲೋಳೆ. ಕಾನೂನು ಮುರಿದವನಿಗೆ ಹುಳ, ಪಾಲಿಸಿದವನಿಗೆ ಲೋಳೆ. ಇಷ್ಟು ಸಮಾನತೆಯನ್ನು ಬೇರೆ ಯಾವ ಇಲಾಖೆ ತಂದಿದೆ ಹೇಳಿ?

ಲೂಕ್ಷಾ ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಒಳ್ಳೆ ಅಂಗಿ ತೊಟ್ಟು, "ಪಾವೆ, ಅವರು ಬಂದು ಕಿತ್ಕೊಳ್ಳೋಕಿಂತ ನಾವೇ ನೀರು ವಾಪಸ್ ಕೊಟ್ಟುಬಿಡೋಣ. ಮರ್ಯಾದೆ ಉಳಿಯತ್ತೆ," ಎಂದು ಹೊರಟ. ಅವನಜ್ಜ ಕಲ್ಲು ಹಾಕಿ ಗುರುತು ಮಾಡಿದ ನೀರು ಅದು. ನಾನು ಅಡುಗೆಮನೆಯಲ್ಲಿ ಕೂತು ಅತ್ತೆ. ಮುಚ್ಚಿಡುವುದೇನು, ಗಟ್ಟಿಯಾಗಿಯೇ ಅತ್ತೆ.

ಅರ್ಧ ಗಂಟೆಯಲ್ಲಿ ಅಂಗೈಯಿಂದ ರಕ್ತ ಸುರಿಸುತ್ತ, ನಗುತ್ತ ಬಂದ. ಗಂಡಸಿಗೆ ತಲೆ ಕೆಟ್ಟಿತು ಅಂದುಕೊಂಡೆ.

"ಪಾವೆ! ಪಾವೆ! ಕೈ ನೋಡೇ ಇಲ್ಲಿ!"

"ಅಯ್ಯೋ, ಯಾರ ಜೊತೆ ಹೊಡೆದಾಡಿದ್ರಿ? ಸಾಹೇಬ್ರ ಜೊತೇನಾ?" ಎಂದೆ, ಸ್ವಲ್ಪ ಆಸೆಯಿಂದಲೇ.

"ಹೊಡೆದಾಟ ಅಲ್ವೇ ಮಾರಾಯ್ತಿ, ಸಿಂಪಿ! ಸಿಂಪಿ ಕೊಯ್ದಿದ್ದು!"

ವಿಷಯ ಇಷ್ಟು. ಕಚೇರಿ ಕಿಟಕಿಯ ಕೆಳಗಿನ ದೋಣಿಕಟ್ಟೆಗೆ ನಮ್ಮ ದೋಣಿ ಕಟ್ಟುವಾಗ, ಪಕ್ಕದಲ್ಲಿದ್ದ ತಮ್ಮ ಸರ್ಕಾರಿ ಗಸ್ತುದೋಣಿಗೆ ಡಿಕ್ಕಿಯಾಗದಿರಲೆಂದು ಅದರ ಪಕ್ಕೆಗೆ ನೀರಿನ ಮಟ್ಟದಲ್ಲಿ ಕೈ ಒತ್ತಿದ್ದಾನೆ. ಹರಿತವಾದ ಅಂಚು ಕೊಯ್ದಿದೆ. ಬಗ್ಗಿ ನೋಡಿದರೆ, ನೀರಿನ ಮಟ್ಟದ ಕೆಳಗೆ ಇಡೀ ದೋಣಿಗೆ ಉಗುರಿನಷ್ಟಗಲದ ಸಿಂಪಿಮರಿಗಳು, ಒಂದರ ಪಕ್ಕ ಒಂದು, ಸಾವಿರಾರು! ಆ ದೋಣಿಯ ಎಂಜಿನ್ನಿಗೆ ಬಿಡಿಭಾಗ ಬರದೆ ಅದು ವಸಂತದಿಂದ ಅಲುಗಿಲ್ಲ. ಚಿಪ್ಪು ಅಂಟದಂತೆ ತಳಕ್ಕೆ ಬಳಿಯುವ ವಿಷದ ಬಣ್ಣವೂ ಮಂಜೂರಾಗಿಲ್ಲ. ಜೂನ್ ಮೊದಲ ವಾರ ಯಾವುದೋ ಪುಣ್ಯಾತ್ಮ ಹಳೆಯ ಪಾಚಿಯನ್ನಷ್ಟೇ ಒರೆಸಿ, ಉಳಿದ ಕೆಲಸ ಆದೇಶ ಬಂದಮೇಲೆ ಎಂದು ಕೈಬಿಟ್ಟಿದ್ದಾನೆ. ಗಟ್ಟಿಯಾದ ಜಾಗ, ಚೊಕ್ಕಟವಾದ ಜಾಗ, ಸರಿಯಾದ ವಾರ! ತಮ್ಮ ಒಂದು ವಿಭಾಗದ ಸೋಮಾರಿತನ ಹಾಳುಮಾಡಿದ್ದನ್ನು ಇನ್ನೊಂದು ವಿಭಾಗದ ಸೋಮಾರಿತನ ಉಳಿಸಿಕೊಟ್ಟಿದೆ. ಅವರಿಗೆ ಬಡ್ತಿ ಕೊಡಬೇಕೆಂದು ನನ್ನ ಪ್ರತ್ಯೇಕ ಮನವಿ.

ಲೂಕ್ಷಾ ವಾಪಸಿನ ಮಾತು ಬಿಟ್ಟು ತಮ್ಮ ಗುಮಾಸ್ತರ ಬಳಿ ಓಡಿದ. ನಾನೂ ಹಿಂದೆಯೇ ಹೋದೆ.

"ಆ ಮರಿಗಳ್ನ ನಮಗೆ ಕೊಡಿಸಿ ಸ್ವಾಮಿ," ಎಂದ.

"ಅದು ಹೆಂಗಾಗತ್ತೆ? ಸರ್ಕಾರಿ ದೋಣಿ ಮೇಲೆ ಬೆಳೆದಿದ್ದು ಸರ್ಕಾರದ್ದು."

"ಹಾಗಾದ್ರೆ ಸರ್ಕಾರ ಏನ್ ಮಾಡತ್ತೆ ಅದನ್ನ?"

"ಬರೋ ಗುರುವಾರ ದೋಣಿ ಮೇಲೆತ್ತಿ ಹೆರೆದು ಬಿಸಾಕ್ತೀವಿ. ಆದೇಶ ಬಂದಿದೆ."

"ಬಿಸಾಕೋದಾದ್ರೆ ನಮಗೇ ಕೊಡ್ರಯ್ಯಾ!" ಎಂದೆ ನಾನು.

"ಬಿಸಾಕೋಕೆ ಆದೇಶ ಇದೆ ಅಮ್ಮ. ಕೊಡೋಕೆ ಇಲ್ಲ," ಎಂದರು. ಒಳ್ಳೆಯವರು, ನಗಲೂ ಇಲ್ಲ.

ಮಾನ್ಯರೇ, ಎಷ್ಟೋ ತಿಂಗಳು ಬಾರದ ಆದೇಶ, ಅದು ಬಾರದಿರಲಿ ಎಂದು ನಾವು ಮೊದಲ ಸಲ ಬೇಡಿಕೊಳ್ಳುವಾಗಲೇ ಬರಬೇಕಿತ್ತೇ? ಪರವಾನಗಿಯಿಲ್ಲದೆ ಮರಿ ಹಿಡಿದವರಿಗೆ ದಂಡ ಎನ್ನುತ್ತೀರಿ. ಇಡೀ ಕೊಲ್ಲಿಯಲ್ಲಿ ಪರವಾನಗಿಯಿಲ್ಲದೆ ಮರಿ ಹಿಡಿದದ್ದು ತಮ್ಮ ದೋಣಿಯೊಂದೇ. ಅದಕ್ಕೆ ಯಾರು ನೋಟಿಸು ಕೊಡುತ್ತಾರೆ?

ನಮ್ಮ ಬೇಡಿಕೆ ಸಣ್ಣದು. ದೋಣಿಯನ್ನು ನಮ್ಮ ನೀರಿಗೆ ಎಳೆದೊಯ್ಯಲು ಬಿಡಿ. ತಳದ ಹಳೆಯ ಬಣ್ಣ ಹಪ್ಪಳದಂತೆ ಎದ್ದಿದೆ. ತೆಳು ಚಾಕು ತೂರಿಸಿದರೆ ಮರಿ ಜೀವಂತ ಕೈಗೆ ಬರುತ್ತದೆ. ತಮಗೆ ಚೊಕ್ಕಟವಾದ ತಳ ಸಿಗುತ್ತದೆ, ನಮಗೆ ನಮ್ಮ ನೀರು ಉಳಿಯುತ್ತದೆ. ಬಾಲ್ದೊ "ಕತ್ತಲಾದ್ಮೇಲೆ ಹೋಗಿ ಕೆತ್ಕೊಂಡ್ ಬರೋಣ ಬಾರೋ" ಎಂದು ಕರೆಯುತ್ತಿದ್ದಾನೆ. ನಾನಂತೂ ಚಾಕು ಮಸೆದಿಟ್ಟಿದ್ದೇನೆ. ಲೂಕ್ಷಾ ಒಪ್ಪುತ್ತಿಲ್ಲ. ಸಹಿಯಿಲ್ಲದೆ ಒಂದು ಮರಿಯನ್ನೂ ಮುಟ್ಟುವುದಿಲ್ಲವಂತೆ. ಇಷ್ಟಾದರೂ ತಮ್ಮನ್ನು ನಂಬುವವನು ಈ ಕೊಲ್ಲಿಯಲ್ಲಿ ಅವನೊಬ್ಬನೇ. ಗುರುವಾರ ಅವನನ್ನೂ ಕಳೆದುಕೊಳ್ಳಬೇಡಿ.

ಉತ್ತರವನ್ನು ಅಂಚೆಗೆ ಹಾಕುವ ಶ್ರಮ ಬೇಡ, ನನ್ನ ತಮ್ಮ ಎಂಥವನೆಂದು ಹೇಳಿದೆನಲ್ಲ. ತಮ್ಮ ಸರ್ಕಾರಿ ದೋಣಿ ಸೋರುತ್ತಿದೆ. ಅದು ಮುಳುಗಿ ಮರಿಗಳು ಕೆಸರು ಸೇರಬಾರದೆಂದು ಲೂಕ್ಷಾ ದಿನವೂ ಅದರಲ್ಲಿ ಕೂತು ಡಬ್ಬಿಯಿಂದ ನೀರು ಎತ್ತಿ ಹೊರಗೆ ಚೆಲ್ಲುತ್ತಾನೆ. ಕಿಟಕಿ ತೆರೆದು "ತಗೊಂಡ್ ಹೋಗಪ್ಪಾ" ಅನ್ನಿ ಸಾಕು. ಕೆಳಗೇ ಇದ್ದಾನೆ.

ಇಂತಿ,
ತಮ್ಮ ಸಹಿಗೆ ಕಾದು ಲೋಳೆ ಪಡೆದವನ ಹೆಂಡತಿ, ಚಾಕು ಇನ್ನೂ ಒರೆಯಲ್ಲಿಟ್ಟಿರುವ
ಪಾವೆ ರಾದೊವಾನ್