ಸೀಸದ ಹೊದಿಕೆ

ಶಕ್ತಿನಗರ, ಮಂಗಳೂರು
ಜೂನ್ ೮, ೨೦೨೫, ಆದಿತ್ಯವಾರ

ಪ್ರೀತಿಯ ಭವ್ಯಾ,

ಅಮ್ಮನ ಮೊಣಕಾಲು ನೋವು, ಹಲಸಿನ ಹಪ್ಪಳ ಇಷ್ಟನ್ನೇ ಬರೆದು ಮುಗಿಸುವವಳಿದ್ದೆ. ನಿಜವಾದ ಮಾತು ಇನ್ನೇನು ಬಿಟ್ಟೇ ಹೋಗುತ್ತಿತ್ತು. ಮೊದಲು ಹೇಳು, ಬೆಳಗ್ಗಿನ ವಾಂತಿ ಕಡಿಮೆಯಾಯಿತೇ? ಹೈದರಾಬಾದಿನಲ್ಲಿ ಕುಡಿಯಲು ಒಳ್ಳೆಯ ಬೊಂಡ ಸಿಗುತ್ತದೆಯೇ? ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳುವುದಿಲ್ಲವೆಂದು ನಿನಗೆ ಮಾತು ಕೊಟ್ಟಿದ್ದೇನೆ, ಅಮ್ಮನಿಗೂ ಹೇಳಿಲ್ಲ. ಫೋನಿನಲ್ಲಾದರೆ ನೀನು ನಕ್ಕು ಮಾತು ತಿರುಗಿಸುತ್ತಿ, ಅದಕ್ಕೇ ಈ ಕಾಗದ.

ನಮ್ಮ ರೇಡಾರ್ ಟ್ಯೂಬಿನ ವಿಷಯ. ಕೊಟ್ಟಾರದ ಆಫೀಸಿನಲ್ಲಿ ನಾವು ಕಂಪ್ಯೂಟರಿನಲ್ಲಿ ರೂಪಿಸಿದ್ದನ್ನು ಹೈದರಾಬಾದಿನ ಲ್ಯಾಬಿನಲ್ಲಿ ನೀನು ಎದುರು ನಿಂತು ಪರೀಕ್ಷಿಸಬೇಕು. ಮೊದಲರ್ಧ ಕ್ಲೈಸ್ಟ್ರಾನ್, ಕೊನೆಯರ್ಧ ಟ್ರಾವೆಲಿಂಗ್ ವೇವ್ ಟ್ಯೂಬ್. ಒಂದರ ಬಲ, ಇನ್ನೊಂದರ ಆವರ್ತನದ ಹರವು ಎರಡೂ ಬೇಕೆಂದು ಮಾಡಿದ ಜೋಡಣೆ. ಆದರೆ ಆವರ್ತನದ ಅಂಚಿಗೆ ಹೋದಂತೆ ಪವರ್ ಕುಸಿಯುತ್ತಿತ್ತು. ವೋಲ್ಟೇಜ್ ಏರಿಸಿದಾಗ ಸರಿಯಾಯಿತು. ಎಲ್ಲರಿಗೂ ಖುಷಿ, ಆ ಡಿಸೈನಿಗೆ ನಾನೂ ಸಹಿ ಹಾಕಿದೆ. ಆದರೆ ಎಲೆಕ್ಟ್ರಾನುಗಳು ಇನ್ನಷ್ಟು ವೇಗದಲ್ಲಿ ಟ್ಯೂಬಿನೊಳಗಿನ ತಾಮ್ರಕ್ಕೆ ಬಡಿದರೆ ಏಳುವ ಎಕ್ಸ್‌ರೇಯೂ ಇನ್ನಷ್ಟು ತೂರುತ್ತದೆ. ಟ್ಯೂಬಿನ ಸುತ್ತ ಹಾಕಿದ ಸೀಸದ ಹೊದಿಕೆಯ ದಪ್ಪ ಮಾತ್ರ ಹಳೆಯ ವೋಲ್ಟೇಜಿನ ಲೆಕ್ಕದ್ದೇ. ಮೊದಲರ್ಧ ನೋಡಿಕೊಳ್ಳುವ ಬಾಸಿಲ್‌ನನ್ನು ಕೇಳಿದೆ. "ಅದು ಟೆಸ್ಟಿನವರು ನೋಡ್ತಾರೆ, ನಿಮಗೆ ಎಂತಕ್ಕೆ ತಲೆಬಿಸಿ ಮೇಡಂ?" ಎಂದ. ನಿನ್ನನ್ನು ಕೇಳಿದರೆ ಡಿಸೈನಿನವರು ನೋಡಿರುತ್ತಾರೆ ಎಂದಿ. "ಅಕ್ಕಾ, ನೀನು ಕಂಪ್ಯೂಟರಿನ ಒಳಗೇ ಹೆದರುವವಳು" ಎಂದು ನಕ್ಕಿ ಕೂಡ.

ಆ ಸೀಸ ಸಾಕಾಗಲೂಬಹುದು. ಹೊಸ ಲೆಕ್ಕ ಯಾರೂ ಮಾಡಿಲ್ಲ, ನನಗೆ ಗೊತ್ತಿರುವುದು ಅಷ್ಟೇ. ನೀನು ಬಸುರಿ ಎಂದು ತಿಳಿಯದಿದ್ದರೆ ನನಗೆ ಅದರ ನೆನಪಾದರೂ ಆಗುತ್ತಿತ್ತೇ? ಟೆಸ್ಟಿನ ಹೊತ್ತಿಗೆ ನಿನ್ನ ಪಕ್ಕದಲ್ಲಿ ಝಹ್ರಾಳೂ ನಿಲ್ಲುತ್ತಾಳಲ್ಲ, ಅವಳ ಬಗ್ಗೆ ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಇದು ಎರಡು ದಿನಗಳಿಂದ ನನ್ನನ್ನು ಚುಚ್ಚುತ್ತಿದೆ.

ಹೊತ್ತುಹೊತ್ತಿಗೆ ಊಟ ಮಾಡು. ರೂಪೇಶನಿಗೆ ನನ್ನ ನೆನಪು ಹೇಳು. ಕದ್ರಿಯಲ್ಲಿ ನಿನ್ನ ಹೆಸರಿನಲ್ಲಿ ಪೂಜೆ ಮಾಡಿಸಿದ್ದೇನೆ, ಕಾರಣ ಭಟ್ಟರಿಗೂ ಹೇಳಿಲ್ಲ.

ನಿನ್ನ ಅಕ್ಕ,
ಕುಶಲಾ

ಮರೆತೆ: ನಾಳೆ ಬೆಳಗ್ಗೆ ನಮ್ಮ ಆಫೀಸಿನ ಹೆಡ್ ಆಂಬ್ರೋಸ್ ಸರ್ ಬಂದ ಕೂಡಲೇ ನನ್ನ ಸಹಿ ಹಿಂದೆ ತೆಗೆದುಕೊಳ್ಳುತ್ತೇನೆ. ಸೀಸದ ಲೆಕ್ಕ ಆಗದೆ ಟ್ಯೂಬಿಗೆ ಆ ವೋಲ್ಟೇಜ್ ಕೊಡಬಾರದು ಎನ್ನುತ್ತೇನೆ. ನಿನ್ನ ಸುದ್ದಿ ಎತ್ತುವುದಿಲ್ಲ. ಆದರೆ ಅವರು ಒಪ್ಪದಿದ್ದರೆ ಟೆಸ್ಟ್ ಶುರುವಾಗುವ ಮೊದಲು ನಿನಗೆ ಕೊಟ್ಟ ಮಾತು ಮುರಿಯುತ್ತೇನೆ, ಆಮೇಲೆ ನೀನು ನನ್ನೊಡನೆ ಮಾತು ಬಿಟ್ಟರೂ ಸರಿ. ಅಷ್ಟರೊಳಗೆ ನೀನೇ ಅಲ್ಲಿ ಹೇಳಿ ಟೆಸ್ಟ್ ಕೋಣೆಯಿಂದ ಹೊರಗೆ ಉಳಿದರೆ ನನಗೆ ಅದೇ ಸಾಕು. ಹೆದರಿ ಹಿಂದೆ ಸರಿದವಳ ಕಾಗದ ನಿನಗೆ ತಲುಪಬಾರದು. ಹಾಗಾಗಿ ಸರ್ ಹತ್ತಿರ ಮಾತಾಡಿ ಬಂದ ಮೇಲೆಯೇ ಇದನ್ನು ಪೋಸ್ಟ್ ಮಾಡುವುದು: ಜೂನ್ ೯, ಸೋಮವಾರ.